ಟೆಲಿಫೋನ್ ತರುಣಿ

ಸಿನಿಮಾದಲ್ಲಿ ನಟಿಸುತ್ತೀಯಾ ಎಂದು ನಿರ್ದೇಶಕ ಮೋಹನ್ ಭವನಾನಿ ಕೇಳಿದಾಗ ರೂಬಿ ಮೈಯರ್ಸ್ ಮೊದಲು ಒಲ್ಲೆ ಅಂದಳು. 1920ರ ದಶಕದ ನಡುಭಾಗ, ಊರು ಮುಂಬಯಿ. ಹುಡುಗಿ 1907ರಲ್ಲಿ ಪುಣೆಯಲ್ಲಿ ಹುಟ್ಟಿದ ಯಹೂದಿ, ಕೆಲಸ ಟೆಲಿಫೋನ್ ಆಪರೇಟರ್. ಮುಂದೆ ಸುಲೋಚನಾ ಎಂಬ ಹೆಸರಿನಲ್ಲಿ ಮೂಕಿಚಿತ್ರಗಳ ಕಾಲದ ಅತಿ ದೊಡ್ಡ ತಾರೆಯಾದವಳು ಇವಳೇ. ಆಕೆಯ ಬಗ್ಗೆ ಬರೆಯುವವರೆಲ್ಲ "ಬರೇ ಟೆಲಿಫೋನ್ ಆಪರೇಟರ್ ಆಗಿದ್ದವಳು" ಅಂತ ಒಂದು ಸಾಲು ಹಾಕಿ ಮುಂದಕ್ಕೆ ಓಡುತ್ತಾರೆ. ಹುಬ್ಬಳ್ಳಿಯ ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹೆಡ್‌ಸೆಟ್ ಹಾಕಿಕೊಂಡೇ ಸರ್ವಿಸ್ ಮುಗಿಸಿದ ನನಗೆ ಆ 'ಬರೇ' ಹಿಡಿಸುವುದಿಲ್ಲ.

ಆ ಕೆಲಸ ಹೇಗಿರುತ್ತಿತ್ತು ಎಂದು ಈಗಿನವರಿಗೆ ಹೇಳಲೇಬೇಕು. ಎದುರಿಗೆ ಎದೆಮಟ್ಟದ ಬೋರ್ಡು, ಅದರ ತುಂಬ ಸಾಲುಸಾಲು ತೂತು, ಕೆಳಗೆ ಮೇಜಿನಿಂದ ಎದ್ದ ಜೋಡಿ ಜೋಡಿ ಕಾರ್ಡುಗಳು. ಯಾರೋ ತಮ್ಮ ಮನೆಯಲ್ಲಿ ರಿಸೀವರ್ ಎತ್ತಿದರೆ ನಮ್ಮ ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಹಳೆಯ ಬೋರ್ಡುಗಳಲ್ಲಿ ದೀಪದ ಬದಲು ಪುಟ್ಟ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಒಂದು ಕಾರ್ಡು ಚುಚ್ಚಿ "ನಂಬರ್ ಪ್ಲೀಸ್" ಅನ್ನಬೇಕು, ಜೋಡಿಯ ಇನ್ನೊಂದನ್ನು ಕೇಳಿದ ನಂಬರಿಗೆ ಚುಚ್ಚಿ ಗಂಟೆ ಹೊಡೆಯಬೇಕು, ಮಾತು ಮುಗಿದ ಮೇಲೆ ಎರಡನ್ನೂ ಕೀಳಬೇಕು. ಕೈ ನಿಲ್ಲುವಂತಿಲ್ಲ, ದನಿ ಏರುವಂತಿಲ್ಲ. ಬೆನ್ನ ಹಿಂದೆ ಸೂಪರ್‌ವೈಸರ್ ಓಡಾಡುತ್ತಿರುತ್ತಾರೆ. ಆ ಕಡೆಯವರು ಅಪ್ಪ ಅಮ್ಮನನ್ನೆಲ್ಲ ಎತ್ತಿ ಬೈದರೂ ಈ ಕಡೆಯಿಂದ "ಹೋಲ್ಡ್ ಆನ್ ಸರ್" ಅಷ್ಟೇ. ಮುಂಬಯಿಗೆ ಟೆಲಿಫೋನ್ ಎಕ್ಸ್‌ಚೇಂಜ್ ಬಂದದ್ದು 1882ರಲ್ಲಿ, ಕಲಕತ್ತೆ ಮತ್ತು ಮದರಾಸಿನ ಜೊತೆಗೆ. ರೂಬಿಯ ಕಾಲಕ್ಕೆ ಇಂಗ್ಲಿಷ್ ಸಲೀಸಾಗಿ ಬರುತ್ತಿದ್ದ ಆಂಗ್ಲೋ ಇಂಡಿಯನ್, ಪಾರ್ಸಿ, ಯಹೂದಿ ಹುಡುಗಿಯರಿಗೆ ಅದು ಮರ್ಯಾದಸ್ಥ ನೌಕರಿ. ತಿಂಗಳಿಗೆ ತಪ್ಪದೆ ಸಂಬಳ, ಮಾಡುವುದೆಲ್ಲ ದನಿಯ ಕೆಲಸ.

ನಮ್ಮ ದನಿ ಇಡೀ ಊರಿಗೆ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಒಮ್ಮೆ ಬಿಲ್ಲು ಕಟ್ಟುವ ಕೌಂಟರಿನಲ್ಲಿ ಒಬ್ಬ ಹತ್ತಿ ವ್ಯಾಪಾರಿ ನನ್ನನ್ನು ಸರಿಸಿಕೊಂಡೇ ಮುಂದೆ ಹೋಗುವವರಿದ್ದರು. "ಸ್ವಲ್ಪ ತಡೀರಿ" ಅಂದೆ. ಆ ಮನುಷ್ಯ ನಿಂತಲ್ಲೇ ನಿಂತು, "ಮುಂಬೈ ಲೈನ್ ಕೊಡೋ ಅಕ್ಕಾರು ನೀವೇನ್ರೀ?" ಎಂದು ಕೈಮುಗಿದರು. ರೂಬಿಯದು ಇದರ ತಿರುಗುಮುರುಗು. ಎಕ್ಸ್‌ಚೇಂಜು ಬಿಟ್ಟು ಕೊಹಿನೂರ್ ಫಿಲ್ಮ್ ಕಂಪನಿಗೆ ಹೋದ ಮೇಲೆ ದೇಶಕ್ಕೆಲ್ಲ ಆಕೆಯ ಮುಖ ಪರಿಚಯವಾಯಿತು, ದನಿ ಮಾತ್ರ ಯಾರ ಕಿವಿಗೂ ಬೀಳಲಿಲ್ಲ.

ಮೊದಲು ಒಲ್ಲೆ ಅಂದದ್ದಕ್ಕೆ ಕಾರಣ ಸರಳ. ಸಿನಿಮಾದಲ್ಲಿ ಹೆಂಗಸರು ನಟಿಸುವುದು ಮಾನವಂತರ ಕೆಲಸವಲ್ಲ ಎಂದೇ ಆಗ ಎಲ್ಲರ ಲೆಕ್ಕ. ದಾದಾಸಾಹೇಬ್ ಫಾಲ್ಕೆ 1913ರಲ್ಲಿ 'ರಾಜಾ ಹರಿಶ್ಚಂದ್ರ' ತೆಗೆದಾಗ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗದೆ, ಹೋಟೆಲಿನಲ್ಲಿ ಕೆಲಸಕ್ಕಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗನಿಗೆ ಸೀರೆ ಉಡಿಸಿದ್ದು ಗೊತ್ತಿರುವ ಕತೆ. ಅದೇ ವರ್ಷ 'ಮೋಹಿನಿ ಭಸ್ಮಾಸುರ'ದಲ್ಲಿ ದುರ್ಗಾಬಾಯಿ ಕಾಮತ್ ಮತ್ತು ಮಗಳು ಕಮಲಾಬಾಯಿ ಬಂದರು ನಿಜ, ಆದರೆ ಅವರ ಹಿಂದೆ ಸಾಲು ನಿಲ್ಲಲಿಲ್ಲ. ಆ ಜಾಗ ತುಂಬಿದವರು ಬಹುಮಟ್ಟಿಗೆ ಯಹೂದಿ, ಆಂಗ್ಲೋ ಇಂಡಿಯನ್ ಹುಡುಗಿಯರು. ಕಂಪನಿಗಳು ಅವರ ಹೆಸರು ಬದಲಿಸಿ ಪೋಸ್ಟರಿಗೆ ಹಾಕಿದವು. ರೆನೀ ಸ್ಮಿತ್ ಸೀತಾದೇವಿಯಾದಳು, ಎಫಿ ಹಿಪೊಲೆಟ್ ಇಂದಿರಾದೇವಿಯಾದಳು, ರೂಬಿ ಮೈಯರ್ಸ್ ಸುಲೋಚನಾ ಆದಳು. ಈ ಭವನಾನಿಯೇ ಮೂಕಿಯುಗದ ಕೊನೆಗೆ ಬೆಂಗಳೂರಿನ ನಂಟು ಬೆಳೆಸಿ 'ಮೃಚ್ಛಕಟಿಕ'ದ ಕತೆಯನ್ನು 'ವಸಂತಸೇನಾ' ಎಂದು ತೆಗೆದಾಗ ಅದರಲ್ಲಿ ನಮ್ಮ ಟಿ.ಪಿ. ಕೈಲಾಸಂ ಇದ್ದರು, ಏಣಾಕ್ಷಿ ರಾಮರಾವ್ ಇದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಓದಿದ ಮನೆತನದ ಹೆಣ್ಣುಮಕ್ಕಳು ಕ್ಯಾಮೆರಾ ಮುಂದೆ ನಿಂತರೆಂದು ಅದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನೆನೆಯಬೇಕು. ಆದರೆ ಆ ದಾರಿಯ ಮುಳ್ಳು ತುಳಿದವರು ಸುಲೋಚನಾಳಂಥವರು ಎಂಬುದನ್ನೂ ಅದರೊಂದಿಗೇ ಹೇಳಬೇಕು.

ಭವನಾನಿ ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದರು, ಕೊನೆಗೆ ಆಕೆ ಒಪ್ಪಿದಳು. ನಟನೆಯ ಗಂಧಗಾಳಿ ಇರಲಿಲ್ಲ. 1925ರಲ್ಲಿ 'ವೀರಬಾಲಾ' ಬಂತು. ಮರುವರ್ಷವೇ ಹೋಮಿ ಮಾಸ್ಟರ್ ನಿರ್ದೇಶನದ 'ಟೆಲಿಫೋನ್ ನೀ ತರುಣಿ'. ಗುಜರಾತಿ ಹೆಸರಾದರೂ ನಮಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ನಿಜಜೀವನದಲ್ಲಿ ಬಿಟ್ಟುಬಂದ ಕೆಲಸವನ್ನೇ ಆಕೆ ಪರದೆಯ ಮೇಲೆ ಮಾಡಿದಳು, ಅದೂ ಬಾಯಿ ಆಡುತ್ತದೆ, ಮಾತು ಕೇಳುವುದಿಲ್ಲ ಎಂಬಂಥ ಚಿತ್ರದಲ್ಲಿ. ದನಿಯೇ ಇಲ್ಲದ ಟೆಲಿಫೋನ್ ಆಪರೇಟರ್! ಜೊತೆಗೆ ಚಂದೂಲಾಲ್ ಶಾ ತೆಗೆದ 'ಟೈಪಿಸ್ಟ್ ಗರ್ಲ್'. ಪುರಾಣದ ಸತಿಯರನ್ನೂ ರಜಪೂತ ರಾಣಿಯರನ್ನೂ ನೋಡಿ ರೂಢಿಯಾಗಿದ್ದ ಜನರಿಗೆ, ಬೆಳಗ್ಗೆ ಆಫೀಸಿಗೆ ಹೋಗಿ ಸಂಜೆ ಸಂಬಳದ ಕೈಚೀಲ ಹಿಡಿದು ಬರುವ ಹೆಣ್ಣನ್ನು ತೋರಿಸಿದ್ದು ಈ ಚಿತ್ರಗಳು. ಆಕೆಯ ರೂಪದ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಈ ನೌಕರಿಯ ಪಾತ್ರಗಳೇ.

ಮೂಕಿಚಿತ್ರಕ್ಕೆ ಮೂಕಿ ಎಂಬ ಹೆಸರಿದ್ದರೂ ಥಿಯೇಟರಿನಲ್ಲಿ ಗದ್ದಲಕ್ಕೇನೂ ಕಡಿಮೆ ಇರಲಿಲ್ಲ. ಪರದೆಯ ಪಕ್ಕ ಹಾರ್ಮೋನಿಯಂ, ತಬಲಾ. ನಡುನಡುವೆ ಪರದೆಯ ಮೇಲೆ ಮೂಡುವ ಮಾತಿನ ಫಲಕಗಳನ್ನು ಓದಲು ಬಂದವರು ಓದಲು ಬಾರದವರಿಗೆ ಗಟ್ಟಿಯಾಗಿ ಹೇಳುವರು. ಶೂಟಿಂಗ್ ಬಹಳ ಮಟ್ಟಿಗೆ ಬಿಸಿಲಿನ ಬೆಳಕಿನಲ್ಲಿ, ರಿಫ್ಲೆಕ್ಟರ್ ಹಿಡಿದು. ಅಂದಿನ ಫಿಲ್ಮಿಗೆ ಕೆಂಪು ಬಣ್ಣ ಕಪ್ಪಾಗಿ ಕಾಣುತ್ತಿತ್ತು, ಆದ್ದರಿಂದಲೇ ಆ ಕಾಲದ ಫೋಟೋಗಳಲ್ಲಿ ನಾಯಕಿಯರ ತುಟಿ ಅಷ್ಟು ಕಡುಗಪ್ಪು. ಸುಲೋಚನಾಳ ಫೋಟೋ ನೋಡಿದರೆ ಗೆರೆ ಎಳೆದಂತೆ ತೆಳುವಾದ ಹುಬ್ಬು, ಅಲೆಅಲೆಯಾದ ಕೂದಲು, ಆ ಕಪ್ಪು ತುಟಿ. ಕ್ಯಾಮೆರಾವನ್ನು ನೇರ ನೋಡುವ ನೋಟದಲ್ಲಿ ಅಂಜಿಕೆ ಇಲ್ಲ.

1927ರ 'ವೈಲ್ಡ್‌ಕ್ಯಾಟ್ ಆಫ್ ಬಾಂಬೆ' ಚಿತ್ರವೊಂದಿದ್ದರೂ ಸಾಕು, ಈಕೆ ಎಂಥವಳು ಎಂದು ಹೇಳಲಿಕ್ಕೆ. ಅದರಲ್ಲಿ ಆಕೆಯದು ಎಂಟು ವೇಷ. ಒಮ್ಮೆ ತೋಟದ ಮಾಲಿ, ಒಮ್ಮೆ ಪೊಲೀಸ್, ಒಮ್ಮೆ ಹೈದರಾಬಾದಿನ ಶ್ರೀಮಂತ ಗಂಡಸು, ಇನ್ನೊಮ್ಮೆ ಬಾಳೆಹಣ್ಣು ಮಾರುವವಳು, ಮತ್ತೊಮ್ಮೆ ಹೊಂಗೂದಲಿನ ಯುರೋಪಿಯನ್ ಮೇಡಂ. ಹದಿನಾಲ್ಕು ವರ್ಷ ಹಿಂದೆ ಗಂಡು ಹೆಣ್ಣಿನ ವೇಷ ಕಟ್ಟಿದ ಉದ್ಯಮದಲ್ಲಿ ಈಗ ಇಪ್ಪತ್ತರ ಹುಡುಗಿ ಪೊಲೀಸ್ ಆಗಿ ಮೀಸೆ ತಿರುವಬಹುದಿತ್ತು. ಮಾತಿಲ್ಲದಿದ್ದುದರಿಂದಲೇ ಇದು ಸಾಧ್ಯವಾದದ್ದು ಎಂದು ನನ್ನ ಅಂದಾಜು. ದನಿ ಇದ್ದಿದ್ದರೆ ಮಾಲಿಗೆ ಒಂದು ಮರಾಠಿ, ನವಾಬನಿಗೆ ಒಂದು ಉರ್ದು ಬೇಕಾಗುತ್ತಿತ್ತು. ಹುಟ್ಟಿದ ಜಾತಿ, ಮನೆಯ ಭಾಷೆ, ನಾಲಿಗೆಯ ತಿರುವು ಯಾವುದೂ ಮೂಕಿಚಿತ್ರದಲ್ಲಿ ಬಯಲಾಗುವುದಿಲ್ಲ.

ಆಮೇಲೆ ಅರ್ದೇಶಿರ್ ಇರಾನಿಯವರ ಇಂಪೀರಿಯಲ್ ಫಿಲ್ಮ್ ಕಂಪನಿಯಲ್ಲಿ, ಆರ್.ಎಸ್. ಚೌಧರಿ ನಿರ್ದೇಶನದಲ್ಲಿ 'ಮಾಧುರಿ' (1928), 'ಅನಾರ್ಕಲಿ' (1928), 'ಇಂದಿರಾ ಬಿ.ಎ.' (1929) ಒಂದರ ಹಿಂದೊಂದು ಬಂದವು. ಇದರಲ್ಲಿ 'ಅನಾರ್ಕಲಿ'ಯದು ಒಳ್ಳೆ ಕುದುರೆ ಓಟ. ಗ್ರೇಟ್ ಈಸ್ಟರ್ನ್ ಎಂಬ ಇನ್ನೊಂದು ಕಂಪನಿ ಇದೇ ಕತೆಯನ್ನು ಸೀತಾದೇವಿಯನ್ನು ಹಾಕಿಕೊಂಡು ಭಾರಿ ಸಿದ್ಧತೆಯಿಂದ ತೆಗೆಯುತ್ತಿತ್ತು. ಸುದ್ದಿ ತಿಳಿದ ಇಂಪೀರಿಯಲ್‌ನವರು ತರಾತುರಿಯಲ್ಲಿ ಸುಲೋಚನಾಳ ಚಿತ್ರ ಮುಗಿಸಿ ಮೊದಲೇ ಬಿಡುಗಡೆ ಮಾಡಿ ಗೆದ್ದರು. ಆಕೆಯ ಹೆಸರಿಗೆ ಎಷ್ಟು ಎಳೆತವಿತ್ತೆಂದರೆ, ಮಹಾತ್ಮ ಗಾಂಧಿಯವರು ಖಾದಿ ಪ್ರದರ್ಶನ ಉದ್ಘಾಟಿಸಿದ ಕಿರುಚಿತ್ರ ತೋರಿಸುವಾಗ, ಅದರ ಜೊತೆಗೆ 'ಮಾಧುರಿ'ಯಲ್ಲಿನ ಆಕೆಯ ಕುಣಿತವನ್ನು ಸದ್ದು ಕೂಡಿಸಿ ಪೋಣಿಸಿದರು. ಗಾಂಧೀಜಿಗೆ ಇದು ಗೊತ್ತಾಗಿದ್ದರೆ ಏನನ್ನುತ್ತಿದ್ದರೋ!

1931ರ ಮಾರ್ಚ್ 14ರಂದು ಮುಂಬಯಿಯ ಮೆಜೆಸ್ಟಿಕ್ ಟಾಕೀಸಿನಲ್ಲಿ 'ಆಲಂ ಆರಾ' ತೆರೆಕಂಡಿತು. ನಮ್ಮ ದೇಶದ ಮೊದಲ ಟಾಕಿ, ತೆಗೆದವರು ಅದೇ ಇರಾನಿ, ಕಂಪನಿ ಅದೇ ಇಂಪೀರಿಯಲ್. ಆದರೆ ನಾಯಕಿ ಸುಲೋಚನಾ ಅಲ್ಲ, ಜುಬೇದಾ. ಇರಾನಿಯವರ ಮನಸ್ಸಿನಲ್ಲಿ ಮೊದಲಿದ್ದದ್ದು ಸುಲೋಚನಾಳೇ, ಹಿಂದುಸ್ತಾನಿ ಸರಿಯಾಗಿ ಬಾರದ್ದರಿಂದ ಪಾತ್ರ ಕೈತಪ್ಪಿತು ಎನ್ನುತ್ತಾರೆ. ಇಲ್ಲಿ ನನಗೆ ಕರುಳು ಚುರ್ರ್ ಅನ್ನುತ್ತದೆ. ದಿನಕ್ಕೆ ನೂರಾರು ಸಲ ಇಂಗ್ಲಿಷಿನಲ್ಲಿ ನಂಬರು ಕೇಳಿ ಪಳಗಿದ ಗಂಟಲು ಅದು. ಏರದೆ ಇಳಿಯದೆ ತಂತಿಯ ಆ ತುದಿಗೆ ಸ್ಪಷ್ಟವಾಗಿ ಮುಟ್ಟುವುದು ಹೇಗೆಂದು ಸ್ಟುಡಿಯೋದಲ್ಲಿದ್ದ ಯಾರಿಗಿಂತಲೂ ಚೆನ್ನಾಗಿ ಬಲ್ಲವಳು. ಆದರೆ ಮೈಕಿನ ಮುಂದೆ ಬೇಕಾದದ್ದು ಬೇರೆ ಭಾಷೆ. ಆಗ ಪ್ಲೇಬ್ಯಾಕೂ ಇಲ್ಲ. ಹಾಡು, ಮಾತು ಎರಡೂ ಕ್ಯಾಮೆರಾ ಓಡುತ್ತಿರುವಾಗಲೇ ಬಾಯಿಂದ ಬರಬೇಕು.

ಆಕೆ ಅತ್ತು ಕೂರಲಿಲ್ಲ. ಒಂದು ವರ್ಷ ಸಿನಿಮಾ ಬಿಟ್ಟು ಹಿಂದುಸ್ತಾನಿ ಕಲಿತಳು. 1932ರಲ್ಲಿ ತನ್ನದೇ 'ಮಾಧುರಿ'ಯ ಟಾಕಿಯೊಂದಿಗೆ ವಾಪಸು ಬಂದಳು. ಆಮೇಲೆ ಹಳೆಯ ಗೆಲುವುಗಳನ್ನೆಲ್ಲ ಸಾಲಾಗಿ ಮಾತಿಗೆ ತಂದಳು: ಬಿ.ಎ. ಆಗಿದ್ದ ಇಂದಿರಾ 1934ರಲ್ಲಿ 'ಇಂದಿರಾ ಎಂ.ಎ.' ಆದಳು, 1935ರಲ್ಲಿ 'ಅನಾರ್ಕಲಿ', 1936ರಲ್ಲಿ ಆ ಎಂಟು ವೇಷದ ಚಿತ್ರವೇ 'ಬಂಬಯಿ ಕೀ ಬಿಲ್ಲಿ'. ಜೋಡಿಯಾಗಿ ಡಿ. ಬಿಲಿಮೋರಿಯಾ. ತಿಂಗಳಿಗೆ 5000 ರೂಪಾಯಿ ಸಂಬಳ, ಓಡಾಡಲು ಷೆವರ್ಲೆ ಕಾರು. ಮುಂಬಯಿ ಗವರ್ನರಿಗಿಂತ ಆಕೆಗೇ ಹೆಚ್ಚು ಸಂಬಳ ಎಂಬ ಮಾತೂ ಹುಟ್ಟಿಕೊಂಡಿತ್ತು. ರೂಬಿ ಪಿಕ್ಸ್ ಎಂಬ ಸ್ವಂತ ಕಂಪನಿಯನ್ನೂ ಕಟ್ಟಿದಳು. ಟಾಕಿ ಬಂದು ಮೂಕಿ ತಾರೆಯರನ್ನೆಲ್ಲ ಮುಗಿಸಿತು ಎಂಬ ಮಾತು ಹಾಗಾಗಿ ಈಕೆಯ ವಿಷಯದಲ್ಲಿ ಸುಳ್ಳು. ಇಳಿಗಾಲ ಶುರುವಾದದ್ದು 1930ರ ದಶಕದ ಕೊನೆಗೆ, ಬಿಲಿಮೋರಿಯಾ ಜೊತೆಗಿನ ನಂಟು ಮುರಿದು, ಹೊಸ ಹುಡುಗಿಯರು ಬಂದ ಮೇಲೆ. ಅದು ಯಾವ ಕಾಲದ ನಾಯಕಿಗೂ ತಪ್ಪಿದ್ದಲ್ಲ.

ಮುಂದಿನದೆಲ್ಲ ಸಣ್ಣ ಪಾತ್ರಗಳು. 1947ರ 'ಜುಗ್ನು'ವಿನಲ್ಲಿ ದಿಲೀಪ್ ಕುಮಾರ್, ನೂರ್‌ಜಹಾನ್ ಜೋಡಿಯ ಪಕ್ಕದಲ್ಲಿ ಕಾಲೇಜಿನ ಹಿರಿಯಳಾಗಿ ಬಂದಳು. ಆ ಚಿತ್ರವನ್ನು ಮುಂಬಯಿ ಸರ್ಕಾರದಲ್ಲಿದ್ದ ಮೊರಾರ್ಜಿ ದೇಸಾಯಿಯವರು ನಿಷೇಧಿಸಿದರು. ವಯಸ್ಸಾದ ಪ್ರೊಫೆಸರೊಬ್ಬರು ಈಕೆಗೆ ಮನಸೋಲುವುದೂ ಅವರ ಕಣ್ಣಿಗೆ ಚುಚ್ಚಿತಂತೆ. ನಲವತ್ತರ ಹೆಣ್ಣಿಗೆ ಯಾರಾದರೂ ಮನಸೋತರೆ ಸಮಾಜ ಕೆಡುತ್ತದೆಂದು ಬಗೆದ ಕಾಲ. 1953ರಲ್ಲಿ ಬೀನಾ ರಾಯ್ ನಾಯಕಿಯಾಗಿ ಇನ್ನೊಂದು 'ಅನಾರ್ಕಲಿ' ಬಂದಾಗ ಅದರಲ್ಲಿ ಸುಲೋಚನಾ ಸಲೀಮನ ತಾಯಿ. ಎರಡು ಸಲ ಗೋರಿಯೊಳಗೆ ಹೋದ ಅನಾರ್ಕಲಿ ಮೂರನೆಯ ಸಲ ಅತ್ತೆಯಾಗುವ ಜಾಗದಲ್ಲಿ ನಿಂತಿದ್ದಳು.

ಆ ಮೊದಲ ಅನಾರ್ಕಲಿಯನ್ನು ಈಗ ನೋಡೋಣವೆಂದರೆ ದಾರಿಯಿಲ್ಲ. ನಮ್ಮ ದೇಶದಲ್ಲಿ ಸುಮಾರು 1300 ಮೂಕಿಚಿತ್ರಗಳು ತಯಾರಾದವು, ಉಳಿದಿರುವುದು 30ಕ್ಕಿಂತ ಕಡಿಮೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಂದಿನ ನೈಟ್ರೇಟ್ ಫಿಲ್ಮು ಕಿಡಿ ತಾಗಿದರೆ ಧಗ್ಗೆಂದು ಉರಿಯುವಂಥದ್ದು. ಬೆಂಕಿಗೆ ಸಿಗದ್ದು ಸೆಕೆಗೆ ಕೊಳೆಯಿತು. ಇನ್ನಷ್ಟನ್ನು ಅದರಲ್ಲಿದ್ದ ಬೆಳ್ಳಿಗಾಗಿ ಸ್ವತಃ ಕಂಪನಿಗಳವರೇ ಮಾರಿಕೊಂಡರು. ಟಾಕಿ ಬಂದ ಮೇಲೆ ಮಾತಿಲ್ಲದ ರೀಲು ಗೋದಾಮಿನ ಬಾಡಿಗೆಗೂ ದಂಡ ಎಂದು ಕಂಡಿರಬೇಕು. ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಶುರುವಾದದ್ದು 1964ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿನ ಪಿ.ಕೆ. ನಾಯರ್ ಅವರಂಥವರು ಊರೂರು ಅಲೆದು ಡಬ್ಬಿ ತೆರೆದರೂ ಸಿಕ್ಕದ್ದು ಕೆಲವೇ ಚೂರು. ಹಾಗಾಗಿ ಎಂಟು ವೇಷದ ಆ ಚಿತ್ರವನ್ನು ನಾವು ಸ್ಟಿಲ್‌ಗಳಲ್ಲಿ, ಹಳೆಯ ಜಾಹೀರಾತುಗಳಲ್ಲಿ ಊಹಿಸಿಕೊಳ್ಳಬೇಕು.

1973ರ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಸುಲೋಚನಾಗೆ ಬಂತು. ದೇವಿಕಾ ರಾಣಿಯ ನಂತರ ಅದನ್ನು ಪಡೆದ ಎರಡನೆಯ ಹೆಣ್ಣು. ಹೆಣ್ಣು ಸಿಗದೆ ಹುಡುಗನಿಗೆ ಸೀರೆ ಉಡಿಸಿದ ಫಾಲ್ಕೆಯವರ ಹೆಸರಿನ ಪ್ರಶಸ್ತಿ. ಅದಾದ ಮೇಲೂ ಆಕೆ ಪುಟ್ಟ ಪಾತ್ರಗಳಿಗೆ ಹೋಗುವುದು ಬಿಡಲಿಲ್ಲ. 1978ರಲ್ಲಿ ಬಾಸು ಚಟರ್ಜಿಯವರ 'ಖಟ್ಟಾ ಮೀಠಾ'ದಲ್ಲಿ ಒಂದು ಸಣ್ಣ ಪಾತ್ರ ಮಾಡಿದಳು. ಆ ಚಿತ್ರದಲ್ಲಿ ಮುದುಕ ಪಾರ್ಸಿಯಾಗಿ ನಟಿಸಿದ ಅಶೋಕ್ ಕುಮಾರ್ ನಾಯಕನಾಗಿ ಮೊದಲ ಸಲ ಕ್ಯಾಮೆರಾ ಎದುರಿಸಿದ್ದು 1936ರಲ್ಲಿ. ಆ ವರ್ಷ ಈಕೆ ತಿಂಗಳಿಗೆ ಸಾವಿರಗಟ್ಟಲೆ ಎಣಿಸುತ್ತಿದ್ದ ರಾಣಿ. ತೀರಿಕೊಂಡದ್ದು 1983ರ ಅಕ್ಟೋಬರ್ 10ರಂದು, ಮುಂಬಯಿಯಲ್ಲೇ. ಪಾತ್ರ ದೊಡ್ಡದೋ ಸಣ್ಣದೋ, ಕರೆ ಬಂದರೆ ಎತ್ತಿದಳು. ಆಪರೇಟರ್ ಆಗಿದ್ದವರಿಗೆ ಆ ಅಭ್ಯಾಸ ಸುಲಭಕ್ಕೆ ಹೋಗುವುದಿಲ್ಲ, ನನಗೂ ಹೋಗಿಲ್ಲ. ಮನೆಯಲ್ಲಿ ಫೋನ್ ರಿಂಗಾದರೆ ಎರಡನೆಯ ಗಂಟೆಗೆ ಬಿಡುವುದಿಲ್ಲ, ಮೊಮ್ಮಕ್ಕಳು ನಗುತ್ತಾರೆ.