ನೆಟ್ಟಗೆ ನಿಲ್ಲದ ಕಡ್ಡಿ: ತಪ್ಪು ಕಲ್ಪನೆ ಮತ್ತು ವಾಸ್ತವ

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಎಲ್ಲರಿಗೂ ಗೊತ್ತು. ಕೋಲು ಯಾವ ಕಡೆ ವಾಲುತ್ತದೋ ಆ ಕಡೆಗೇ ಅಂಗೈ ಓಡಬೇಕು, ಅದೂ ಕೋಲಿಗಿಂತ ಬೇಗ. ಅಂಗೈ ಜಾಗದಲ್ಲಿ ಹಳಿಯ ಮೇಲೋಡುವ ಪುಟ್ಟ ಗಾಡಿ, ತೋಳಿನ ಜಾಗದಲ್ಲಿ ಮೋಟರು, ಕಣ್ಣಿನ ಜಾಗದಲ್ಲಿ ಕೋನ ಅಳೆಯುವ ಎನ್‌ಕೋಡರ್ ಇಟ್ಟರೆ ಅದೇ ತಲೆಕೆಳಗಾದ ಲೋಲಕ. ಎಂಜಿನಿಯರಿಂಗ್ ಕಾಲೇಜಿನ ಪಾಠದಲ್ಲಿ ಇದಕ್ಕೆ ಒಂದೆರಡು ಪುಟ ಸಾಕು. ಮನೆಯ ಮೇಜಿನ ಮೇಲೆ ಕಟ್ಟಲು ಕೂತಾಗ ನನಗೆ ತಿಂಗಳುಗಳೇ ಹಿಡಿದವು. ಹಾಗೆ ಹೋದ ದಿನಗಳಲ್ಲಿ ಹೆಚ್ಚಿನವನ್ನು ತಿಂದದ್ದು ನಾನು ಗಟ್ಟಿಯಾಗಿ ನಂಬಿಕೊಂಡಿದ್ದ ಕೆಲವು ಸಂಗತಿಗಳು. ಈ ಕೆಲಸಕ್ಕೆ ಕೈಹಾಕುವವರಿಗೆ ಅವು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ತಪ್ಪು ಕಲ್ಪನೆ: ಕಡ್ಡಿ ಬೀಳುತ್ತಿದ್ದರೆ ತಪ್ಪು ಕೋಡ್‌ನಲ್ಲಿದೆ

ಎಲ್ಲರೂ ಮೊದಲು ಎಡವುವುದು ಇಲ್ಲಿಯೇ. ಕಡ್ಡಿ ಬಿತ್ತು ಎಂದ ಕೂಡಲೇ ಕೈ ಕೀಬೋರ್ಡಿನ ಕಡೆ ಹೋಗುತ್ತದೆ, ವಾಲಿದ್ದಕ್ಕೆ ಮೋಟರು ಎಷ್ಟು ಜೋರಾಗಿ ಪ್ರತಿಕ್ರಿಯಿಸಬೇಕೆಂದು ಹೇಳುವ ಪಿಐಡಿ ಸಂಖ್ಯೆಗಳು ಬದಲಾಗುತ್ತವೆ. ಸಂಖ್ಯೆ ಬದಲಿಸುವುದು ಸುಲಭ, ಸ್ಕ್ರೂ ಬಿಚ್ಚುವುದು ಕಷ್ಟ.

ನನ್ನ ಮೊದಲ ಗಾಡಿ ಕೆಟ್ಟುಹೋದ ಇಂಕ್‌ಜೆಟ್ ಪ್ರಿಂಟರಿನದು. ಹಳಿ, ಬೆಲ್ಟು, ಮೋಟರು ಮೂರೂ ಒಟ್ಟಿಗೇ ಸಿಗುವುದರಿಂದ ಮನೆಯಲ್ಲಿ ಕಟ್ಟುವವರಿಗೆ ಇದು ಒಳ್ಳೆಯ ಆರಂಭ. ಆದರೆ ನನ್ನ ಕಡ್ಡಿ ಪ್ರತಿಸಲವೂ ಬಲಕ್ಕೇ ಬೀಳುತ್ತಿತ್ತು. ಎಡಕ್ಕೆ ವಾಲಿದರೆ ಗಾಡಿ ಚಕ್ಕನೆ ಹೋಗಿ ಹಿಡಿಯುತ್ತಿತ್ತು, ಬಲಕ್ಕೆ ವಾಲಿದರೆ ಒಂದು ಕ್ಷಣ ತಡ. ಎರಡು ವಾರ ಕೋಡ್ ತಿದ್ದಿದೆ. ಕೊನೆಗೆ ಮೋಟರನ್ನು ಕೈಯಿಂದ ತಿರುಗಿಸುತ್ತಾ ಬೆಲ್ಟನ್ನೇ ನೋಡುತ್ತ ಕೂತಾಗ ವಿಷಯ ತಿಳಿಯಿತು. ಮೋಟರು ಎಡ ತುದಿಯಲ್ಲಿತ್ತು. ಬಲ ತುದಿಯ ಪುಲ್ಲಿಯನ್ನು ಬೆಲ್ಟು ಸಡಿಲವಾಗದಿರಲೆಂದು ಒಂದು ಸ್ಪ್ರಿಂಗ್ ಹಿಡಿದುಕೊಂಡಿತ್ತು. ಗಾಡಿಯನ್ನು ತನ್ನ ಕಡೆಗೆ ಸೆಳೆಯುವಾಗ ಮೋಟರು ಬೆಲ್ಟನ್ನು ನೇರವಾಗಿ ಎಳೆಯುತ್ತದೆ. ದೂರ ಕಳಿಸುವಾಗ ಆ ಎಳೆತ ಬಲಗಡೆಯ ಪುಲ್ಲಿಯನ್ನು ಸುತ್ತಿಕೊಂಡು ಬರಬೇಕು. ಆಗ ಮೊದಲು ಸ್ಪ್ರಿಂಗ್ ಮಣಿಯುತ್ತದೆ, ಆಮೇಲೆ ಗಾಡಿ ಕದಲುತ್ತದೆ. ಮೆಲ್ಲಗೆ, ಒಂದೇ ವೇಗದಲ್ಲಿ ಕಾಗದ ಅಚ್ಚು ಮಾಡುವ ಪ್ರಿಂಟರಿಗೆ ಆ ಸ್ಪ್ರಿಂಗ್ ಬೇಕು. ಸೆಕೆಂಡಿಗೆ ಹಲವು ಸಲ ದಿಕ್ಕು ಬದಲಿಸುವ ಗಾಡಿಗೆ ಅದು ಶತ್ರು. ಪುಲ್ಲಿಯ ಹಿಂದೆ ಒಂದು ಸ್ಕ್ರೂ ಹಾಕಿ ಅದನ್ನು ಅಲುಗದಂತೆ ಮಾಡಿದೆ. ಕೋಡ್‌ನಲ್ಲಿ ಒಂದು ಅಕ್ಷರವನ್ನೂ ಮುಟ್ಟದೆ ಬಲಕ್ಕೆ ಬೀಳುವುದು ನಿಂತಿತು.

ಕಡ್ಡಿ ಒಂದೇ ಕಡೆಗೆ ಬೀಳುತ್ತಿದ್ದರೆ ಮೊದಲು ಯಂತ್ರದ ಎಡಬಲದ ವ್ಯತ್ಯಾಸವನ್ನು ಹುಡುಕಿ.

ತಪ್ಪು ಕಲ್ಪನೆ: ಗಾಡಿ ಕೈಯಿಂದ ತಳ್ಳಿದರೆ ಓಡುತ್ತದೆ, ಹಾಗಾಗಿ ಘರ್ಷಣೆಯ ಚಿಂತೆಯಿಲ್ಲ

ಓಡುವಾಗಿನ ಘರ್ಷಣೆ ಬೇರೆ, ನಿಂತದ್ದು ಕದಲುವಾಗಿನ ಘರ್ಷಣೆ ಬೇರೆ. ಕಡ್ಡಿಯನ್ನು ಕಾಡುವುದು ಎರಡನೆಯದು. ನೆಟ್ಟಗೆ ನಿಂತ ಕಡ್ಡಿ ಕೂದಲೆಳೆಯಷ್ಟು ವಾಲಿದಾಗ ಮೋಟರಿಗೆ ಹೋಗುವ ಆಜ್ಞೆಯೂ ಅಷ್ಟೇ ಸಣ್ಣದು. ಆ ಆಜ್ಞೆಗೆ ಗಾಡಿ ಕದಲುವುದಿಲ್ಲ. ವಾಲುವುದು ಹೆಚ್ಚುತ್ತದೆ, ಆಜ್ಞೆ ದೊಡ್ಡದಾಗುತ್ತದೆ, ಗಾಡಿ ಒಮ್ಮೆಲೇ ಕಿತ್ತುಕೊಂಡು ಜಿಗಿದು ಅಳತೆ ಮೀರಿ ಹೋಗುತ್ತದೆ. ಮತ್ತೆ ಆ ಕಡೆಯಿಂದ ಇದೇ ಕಥೆ. ಕಡ್ಡಿ ಬೀಳದಿದ್ದರೂ ಗಾಡಿ ಹಿಂದೆ ಮುಂದೆ ನಡುಗುತ್ತಲೇ ಇರುತ್ತದೆ.

ಇದನ್ನು ಅಳೆಯುವುದು ಸುಲಭ. ಕಡ್ಡಿ ತೆಗೆದಿಟ್ಟು ಮೋಟರಿಗೆ ಕೊಡುವ ವೋಲ್ಟೇಜನ್ನು ಸ್ವಲ್ಪಸ್ವಲ್ಪವೇ ಏರಿಸಿ, ಗಾಡಿ ಎಷ್ಟಕ್ಕೆ ಕದಲಿತೆಂದು ಬರೆದಿಟ್ಟುಕೊಳ್ಳಿ. ಹಳಿಯ ಐದಾರು ಜಾಗಗಳಲ್ಲಿ, ಎರಡೂ ದಿಕ್ಕಿನಲ್ಲಿ ಇದೇ ಪರೀಕ್ಷೆ ಮಾಡಿ. 12 ವೋಲ್ಟಿನ ಮೋಟರಿನಲ್ಲಿ ನನ್ನ ಗಾಡಿ ನಡುವೆ 1 ವೋಲ್ಟಿಗೆ ಕದಲಿದರೆ, ಒಂದು ತುದಿಯಲ್ಲಿ 3 ವೋಲ್ಟ್ ಕೇಳುತ್ತಿತ್ತು. ಹಳಿಯ ಎರಡು ರಾಡುಗಳು ಸಮಾನಾಂತರವಾಗಿಲ್ಲ, ಆ ತುದಿಯಲ್ಲಿ ಬೇರಿಂಗುಗಳು ಕಚ್ಚಿಕೊಳ್ಳುತ್ತಿವೆ ಎಂಬುದಕ್ಕೆ ಅದೇ ಗುರುತು. ಸ್ಕೇಲು ಹಿಡಿದು ಸರಿಮಾಡಲು ಹೋಗಬೇಡಿ. ರಾಡಿನ ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಒಂದು ತುದಿಗೆ ತಳ್ಳಿ ಅಲ್ಲಿಯ ಬೋಲ್ಟು ಬಿಗಿಯಿರಿ. ಆಮೇಲೆ ಇನ್ನೊಂದು ತುದಿಗೆ ತಳ್ಳಿ ಅಲ್ಲಿಯದನ್ನು ಬಿಗಿಯಿರಿ. ರಾಡುಗಳ ಅಂತರವನ್ನು ಗಾಡಿಯೇ ಗೊತ್ತುಮಾಡುತ್ತದೆ.

ತಪ್ಪು ಕಲ್ಪನೆ: ಚಿಕ್ಕ, ಹಗುರ ಕಡ್ಡಿಯಿಂದ ಶುರುಮಾಡುವುದು ಸುಲಭ

ನಿಜ ಇದಕ್ಕೆ ತೀರಾ ಉಲ್ಟಾ. ಬೀಳುವ ವೇಗವನ್ನು ನಿರ್ಧರಿಸುವುದು ತೂಕವಲ್ಲ, ಉದ್ದ. ಒಂದೇ ದಪ್ಪದ 30 ಸೆಂ.ಮೀ. ಕಡ್ಡಿ ವಾಲತೊಡಗಿದರೆ ಅದರ ಓರೆ ಸುಮಾರು 0.1 ಸೆಕೆಂಡಿಗೊಮ್ಮೆ ಇಮ್ಮಡಿಯಾಗುತ್ತದೆ. 1 ಮೀಟರ್ ಕಡ್ಡಿಗೆ ಇದೇ ಸಮಯ ಸುಮಾರು 0.18 ಸೆಕೆಂಡ್. ಮೈಸೂರಿನ ದಸರಾದಲ್ಲಿ ನಂದಿಧ್ವಜ ಹೊತ್ತು ಕುಣಿಯುವವರನ್ನು ನೋಡಿ. ಕಂಬದ ಎತ್ತರ ಅವರಿಗೆ ಹೊರೆಯೂ ಹೌದು, ವಾಲಿದ್ದನ್ನು ಸರಿಪಡಿಸಲು ಸಿಗುವ ಸಮಯವೂ ಹೌದು. ಕಡ್ಡಿಯ ಮೇಲ್ತುದಿಗೆ ಒಂದೆರಡು ನಟ್ಟು ಸಿಕ್ಕಿಸಿ ಭಾರವನ್ನು ಮೇಲಕ್ಕೆ ಸರಿಸಿದರೆ, ಉದ್ದ ಹೆಚ್ಚಿದಂತೆಯೇ ಆಗಿ, ಅದು ಇನ್ನೂ ನಿಧಾನವಾಗಿ ಬೀಳುತ್ತದೆ.

ತಪ್ಪು ಕಲ್ಪನೆ: ಬೆಲ್ಟು ಬಿಗಿಯಾದಷ್ಟೂ ಒಳ್ಳೆಯದು

ಸ್ಪ್ರಿಂಗಿನ ಪಾಠ ಕಲಿತ ಮೇಲೆ ನಾನು ಮಾಡಿದ ತಪ್ಪು ಇದು. ತಂಬೂರಿ ತಂತಿಯಂತೆ ಬಿಗಿದೆ. ಆ ಎಳೆತವೆಲ್ಲ ಮೋಟರಿನ ಶಾಫ್ಟನ್ನು ಪಕ್ಕಕ್ಕೆ ಜಗ್ಗಿ, ಒಳಗಿನ ಬುಷ್ ಒತ್ತಿಕೊಂಡು, ಕಷ್ಟಪಟ್ಟು ಇಳಿಸಿದ್ದ ಘರ್ಷಣೆ ಮತ್ತೆ ಏರಿತು. ದಿಕ್ಕು ಬದಲಿಸುವಾಗ ಬೆಲ್ಟು ಜೋಲದಿದ್ದರೆ, ಹಲ್ಲು ಜಾರದಿದ್ದರೆ ಅಷ್ಟು ಬಿಗಿ ಸಾಕು.

ಬೆಲ್ಟಿಗಿಂತ ಹೆಚ್ಚು ಮೋಸ ಮಾಡುವುದು ಪುಲ್ಲಿಯನ್ನು ಶಾಫ್ಟಿಗೆ ಹಿಡಿದಿಡುವ ಗ್ರಬ್ ಸ್ಕ್ರೂ. ದುಂಡು ಶಾಫ್ಟಿನ ಮೇಲೆ ಅದು ಅರ್ಧ ಗಂಟೆಯ ನಡುಕಕ್ಕೇ ಸಡಿಲವಾಗುತ್ತದೆ. ಅರದಿಂದ ಶಾಫ್ಟಿನ ಒಂದು ಮೈಯನ್ನು ಚಪ್ಪಟೆ ಮಾಡಿ, ಅದರ ಮೇಲೆ ಸ್ಕ್ರೂ ಕೂರಿಸಿ.

ತಪ್ಪು ಕಲ್ಪನೆ: ದೊಡ್ಡ ಗೇರ್ ಮೋಟರು ಹಾಕಿದರೆ ಎಲ್ಲ ಸರಿಹೋಗುತ್ತದೆ

ಗೇರ್ ಬಲ ಕೊಡುತ್ತದೆ, ವೇಗ ಕಿತ್ತುಕೊಳ್ಳುತ್ತದೆ. ಜೊತೆಗೆ ಹಲ್ಲುಗಳ ನಡುವಿನ ಸಡಿಲ, ಮೆಕ್ಯಾನಿಕ್‌ಗಳ ಮಾತಿನಲ್ಲಿ ‘ಪ್ಲೇ’, ಉಚಿತವಾಗಿ ಬರುತ್ತದೆ. ಹಳಿಯ ರಗಳೆಯೇ ಬೇಡವೆಂದು ಕೆಲವರು ತಿರುಗುವ ತೋಳಿನ ಲೋಲಕಕ್ಕೆ ಹೋಗುತ್ತಾರೆ. ಟೋಕಿಯೊದ ಕತ್ಸುಹಿಸಾ ಫುರುಟಾ ಮತ್ತು ಸಂಗಡಿಗರು 1992ರಲ್ಲಿ ಪರಿಚಯಿಸಿದ ಈ ಬಗೆ ಜಾಗ ಉಳಿಸುತ್ತದೆ, ನಿಜ. ಆದರೆ ಗೇರಿನಲ್ಲಿ 1 ಡಿಗ್ರಿ ಪ್ಲೇ ಇದ್ದರೆ 20 ಸೆಂ.ಮೀ. ತೋಳಿನ ತುದಿಯಲ್ಲಿ ಅದು ಸುಮಾರು 3.5 ಮಿ.ಮೀ. ಸಡಿಲ. ಅಷ್ಟು ದೂರ ತೋಳು ಯಾರ ಮಾತನ್ನೂ ಕೇಳುವುದಿಲ್ಲ.

ಮನೆಯಲ್ಲಿ ಕಟ್ಟುವವರಿಗೆ ನಾನು ಹೇಳುವುದು ಗೇರಿಲ್ಲದ, ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ಟೆಪ್ಪರ್ ಮೋಟರು. ಹೆಜ್ಜೆ ತಪ್ಪದಿರುವವರೆಗೆ ಅದು ಹೇಳಿದ ಜಾಗಕ್ಕೆ ಹೇಳಿದ ಹೊತ್ತಿಗೆ ಹೋಗುತ್ತದೆ. ಗಾಡಿಯ ತೂಕ, ಹಳಿಯ ಘರ್ಷಣೆ ಎರಡೂ ಲೆಕ್ಕದಿಂದ ಹೊರಗುಳಿಯುತ್ತವೆ. ಒಂದೇ ಎಚ್ಚರ: ವೇಗ ಏರಿದಂತೆ ಅದರ ಬಲ ಕುಗ್ಗುತ್ತದೆ, ಹೆಜ್ಜೆ ತಪ್ಪುವುದು ಆಗಲೇ.

ತಪ್ಪು ಕಲ್ಪನೆ: ಉಕ್ಕಿನ ರಾಡು ಬಾಗುವುದಿಲ್ಲ

ನನ್ನ ಎರಡನೆಯ ಯಂತ್ರಕ್ಕೆ ಒಂದು ಮೀಟರ್ ಉದ್ದದ ಎರಡು 8 ಮಿ.ಮೀ. ರಾಡು ಹಾಕಿದೆ, ತುದಿಗಳಲ್ಲಷ್ಟೇ ಆಧಾರ. 1 ಕಿಲೋ ಗಾಡಿ ನಡುವೆ ನಿಂತರೆ ಅವು ಸುಮಾರು 2.5 ಮಿ.ಮೀ. ಜಗ್ಗುತ್ತವೆ. ಕಣ್ಣಿಗೆ ಕಾಣದ ತೊಂದರೆ ಮುಂದಿನದು. ನಡುವಿಗೂ ತುದಿಗೂ ಮಧ್ಯದಲ್ಲಿ ಗಾಡಿಯೇ ಸುಮಾರು 0.2 ಡಿಗ್ರಿ ಓರೆಯಾಗುತ್ತದೆ, ಜೊತೆಗೆ ಎನ್‌ಕೋಡರೂ. ಒಂದು ಸುತ್ತಿಗೆ 2,400 ಎಣಿಕೆ ಕೊಡುವ ಎನ್‌ಕೋಡರಿನ ಒಂದು ಎಣಿಕೆಯೇ 0.15 ಡಿಗ್ರಿ. ಅಂದರೆ ಎಡದಲ್ಲಿ ಒಂದು ಲಂಬ, ಬಲದಲ್ಲಿ ಇನ್ನೊಂದು ಲಂಬ. ರಾಡಿನ ಗಟ್ಟಿತನ ದಪ್ಪದ ನಾಲ್ಕನೇ ಘಾತದಂತೆ ಏರುತ್ತದೆ. 12 ಮಿ.ಮೀ. ರಾಡು ಹಾಕಿದ ಮೇಲೆ ಜಗ್ಗು ಅರ್ಧ ಮಿಲಿಮೀಟರಿಗೆ ಇಳಿಯಿತು.

ತಪ್ಪು ಕಲ್ಪನೆ: ಕಡ್ಡಿಯನ್ನು ಕೈಯಲ್ಲಿ ನೆಟ್ಟಗೆ ಹಿಡಿದು ಸೊನ್ನೆ ಗುರುತಿಸಿದರೆ ಆಯಿತು

ಕಣ್ಣಳತೆಯ ಲಂಬಕ್ಕೆ ಒಂದು ಡಿಗ್ರಿ ತಪ್ಪುವುದು ಏನೂ ಅಲ್ಲ. ಕಡ್ಡಿ ಆಗಲೂ ನಿಲ್ಲುತ್ತದೆ, ಆದರೆ ಗಾಡಿ ಮೆಲ್ಲಗೆ ಒಂದು ಕಡೆಗೆ ಜರುಗುತ್ತ ಹೋಗಿ ಹಳಿಯ ಕೊನೆಗೆ ಬಡಿಯುತ್ತದೆ. ಗಾರೆ ಕೆಲಸದವರ ತೂಗುಗುಂಡು ನಿಮ್ಮ ಯಂತ್ರದಲ್ಲೇ ಇದೆ. ಕಡ್ಡಿಯನ್ನು ಕೆಳಗೆ ತೂಗಾಡಲು ಬಿಟ್ಟು, ನಿಂತ ಮೇಲೆ ಅಳತೆ ತೆಗೆದು 180 ಡಿಗ್ರಿ ಸೇರಿಸಿ. ಇಲ್ಲೂ ಬೇರಿಂಗಿನ ಘರ್ಷಣೆ ಕಡ್ಡಿಯನ್ನು ಒಂದೆರಡು ಎಣಿಕೆ ಮೊದಲೇ ನಿಲ್ಲಿಸಬಹುದು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಬಿಟ್ಟು ಸರಾಸರಿ ಹಿಡಿಯಿರಿ.

ಇಷ್ಟಾದರೂ ನನ್ನ ಗಾಡಿ ಬಲ ತುದಿಯಲ್ಲಿ ಮಾತ್ರ ಎಡಕ್ಕೆ ಜಾರುತ್ತಿತ್ತು. ರಸಮಟ್ಟ ಇಟ್ಟು ನೋಡಿದೆ, ಮೇಜು ಸರಿಯಾಗೇ ಇತ್ತು. ತಳ್ಳುತ್ತಿದ್ದದ್ದು ಎನ್‌ಕೋಡರಿನ ವಯರು. ಪ್ಲಾಸ್ಟಿಕ್ ಹೊದಿಕೆಯ ಆ ದಪ್ಪ ವಯರು ಬಲಕ್ಕೆ ಹೋದಂತೆ ಬಿಲ್ಲಿನಂತೆ ಬಾಗಿ ಗಾಡಿಯನ್ನು ಹಿಂದಕ್ಕೆ ನೂಕುತ್ತಿತ್ತು. ಅದನ್ನು ಬಿಚ್ಚಿ, ಸಣ್ಣ ಎಳೆಗಳ ಮೆತ್ತನೆಯ ವಯರು ಹಾಕಿ, ಹಳಿಯ ನಡುವಿನ ನೇರಕ್ಕೆ ಮೇಲಿನಿಂದ ಇಳಿಬಿಟ್ಟೆ.