ಕೊಡವಿದ ಧೂಳು ಹೋಗುವುದೆಲ್ಲಿಗೆ?

ಬೆಳಿಗ್ಗೆ ಎಂಟಕ್ಕೆ ಒಣಬಟ್ಟೆಯಿಂದ ಪಟಪಟನೆ ಕೊಡವಿದ ಮೇಜು ಹನ್ನೊಂದರ ಹೊತ್ತಿಗೆ ಮತ್ತೆ ಮಂಕಾಗಿರುತ್ತದೆ. ‘ಹಾಳು ರಸ್ತೆಯ ಧೂಳು’ ಎಂದು ಮನೆಯವರು ಕಿಟಕಿಯ ಕಡೆ ನೋಡುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಆದರೆ ಮೇಜಿನ ಮೇಲೆ ಮತ್ತೆ ಕುಳಿತದ್ದರಲ್ಲಿ ಒಂದು ಪಾಲು ಬೆಳಿಗ್ಗೆ ಎಬ್ಬಿಸಿದ ಅದೇ ಧೂಳು!

ಪಿಯುಸಿ ವಿದ್ಯಾರ್ಥಿಗಳು ಓದುವ ಸ್ಟೋಕ್ಸ್ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ. ನೀರಿನಷ್ಟೇ ಸಾಂದ್ರತೆಯ, 10 ಮೈಕ್ರಾನ್ ವ್ಯಾಸದ ಕಣ ನಿಶ್ಚಲ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 3 ಮಿ.ಮೀ. ಇಳಿಯುತ್ತದೆ. (ಮಿಲಿಮೀಟರಿನ ಸಾವಿರದಲ್ಲೊಂದು ಭಾಗವೇ ಮೈಕ್ರಾನ್.) ಒಂದೂವರೆ ಮೀಟರ್ ಎತ್ತರದಿಂದ ಕೆಳಗೆ ಬರಲು ಅದಕ್ಕೆ ಎಂಟು ನಿಮಿಷ ಸಾಕು. ವ್ಯಾಸ ಹತ್ತರಲ್ಲೊಂದು ಭಾಗವಾದರೆ ವೇಗ ಸುಮಾರು ನೂರರಲ್ಲೊಂದು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ 1 ಮೈಕ್ರಾನ್ ಕಣಕ್ಕೆ ಅದೇ ದೂರ ಕ್ರಮಿಸಲು ಸುಮಾರು ಹನ್ನೆರಡು ಗಂಟೆ ಬೇಕು. ಫ್ಯಾನು ತಿರುಗುವ, ಮಕ್ಕಳು ಓಡಾಡುವ ಮನೆಯಲ್ಲಿ ನಿಶ್ಚಲ ಗಾಳಿ ಎಲ್ಲಿ ಬಂತು?

ಅಂದಹಾಗೆ, ಅಷ್ಟು ಜೋರಾಗಿ ತಿರುಗುವ ಫ್ಯಾನಿನ ರೆಕ್ಕೆಗೂ ಧೂಳು ಮೆತ್ತಿರುತ್ತದಲ್ಲ, ಏಕೆ? ರೆಕ್ಕೆಗೆ ತೀರ ಅಂಟಿಕೊಂಡಿರುವ ಗಾಳಿಯ ತೆಳುಪದರ ರೆಕ್ಕೆಯ ಜೊತೆಯಲ್ಲೇ ಸುತ್ತುತ್ತದೆ. ಅದರೊಳಗೆ ಸೇರಿದ ಕಣವನ್ನು ಕಿತ್ತೊಯ್ಯುವಷ್ಟು ಬಿರುಸು ಅಲ್ಲಿ ಇರುವುದಿಲ್ಲ.

ಧೂಳೆಂದರೆ ಬರೀ ಮಣ್ಣಲ್ಲ. ಬಟ್ಟೆಯ ನೂಲು, ಹೊಗೆಯ ಮಸಿ, ಪರಾಗ, ಅಡುಗೆಮನೆಯ ಜಿಡ್ಡು, ನಮ್ಮದೇ ಚರ್ಮದ ಹೊಟ್ಟು ಎಲ್ಲವೂ ಅದರಲ್ಲುಂಟು. ‘ಮನೆಯ ಧೂಳಿನಲ್ಲಿ ಬಹುಪಾಲು ಚರ್ಮವೇ’ ಎಂಬ ಮಾತು ಮಾತ್ರ ಉತ್ಪ್ರೇಕ್ಷೆ. ಬೇಸಿಗೆಯಲ್ಲಿ ಬಯಲುಸೀಮೆಯ ಮನೆಯೊಂದರ ಕಿಟಕಿಯ ಹಲಗೆಯನ್ನು ಒರೆಸಿ ನೋಡಿದರೆ ಬಟ್ಟೆಯ ಬಣ್ಣವೇ ಉತ್ತರ ಹೇಳುತ್ತದೆ.

ಆದರೆ ಆ ಹೊಟ್ಟನ್ನೇ ತಿಂದು ಬದುಕುವ ಜೀವಿಯೊಂದಿದೆ. ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುವ ಧೂಳುನುಸಿ ಅದು. ಅನೇಕರಿಗೆ ಉಬ್ಬಸ ಬರಿಸುವ ಮನೆಧೂಳಿನ ದೋಷಕ್ಕೆ ಈ ನುಸಿಯೇ ಮುಖ್ಯ ಕಾರಣವೆಂದು 1964ರಲ್ಲಿ ತೋರಿಸಿದವರು ಹಾಲೆಂಡಿನ ಲೈಡನ್‌ನ ವೈದ್ಯ ವೋರ್‌ಹೋರ್ಸ್ಟ್ ಮತ್ತು ಅವರ ಸಂಗಡಿಗರು. ನುಸಿ ಕಚ್ಚುವುದಿಲ್ಲ, ಅದರ ಹಿಕ್ಕೆಯಲ್ಲಿರುವ ಪ್ರೋಟೀನೇ ತೊಂದರೆ ಕೊಡುವುದು. ನೀರು ಕುಡಿಯದ ಈ ಜೀವಿ ಗಾಳಿಯ ತೇವವನ್ನೇ ಹೀರುತ್ತದೆ. ಆದ್ದರಿಂದ ಕರಾವಳಿಯ ಆರ್ದ್ರ ಹವೆ ಅದಕ್ಕೆ ಹಿತ. ಬೋಳು ಮರದ ಮೇಜಿಗಿಂತ ಹಾಸಿಗೆ, ದಿಂಬು, ಬಟ್ಟೆ ಹೊದಿಸಿದ ಸೋಫಾಗಳೇ ಅದರ ಮೆಚ್ಚಿನ ಬೀಡು. ಹಿಕ್ಕೆಯ ಕಣಗಳು ದಪ್ಪ, ಬೇಗ ಕೆಳಗಿಳಿಯುತ್ತವೆ; ಆದರೆ ಸೋಫಾ ಬಡಿದಾಗ ಮೇಲೆದ್ದು ಹತ್ತಿರವಿದ್ದವರ ಉಸಿರಿಗೆ ಸೇರುತ್ತವೆ. ಉಬ್ಬಸವಿರುವ ಮಗು ಪಕ್ಕದಲ್ಲಿ ಓದುತ್ತಾ ಕುಳಿತಿರುವಾಗಲೇ ಧೂಳು ಕೊಡವುವ ಮನೆಗಳು ಎಷ್ಟೋ. ಆ ಹೊತ್ತಿನಲ್ಲಿ, ಅನಂತರದ ಅರ್ಧ ಗಂಟೆಯಾದರೂ, ಮಗು ಬೇರೆ ಕೋಣೆಯಲ್ಲಿರಲಿ.

ಹಾಗಾದರೆ ಒರೆಸುವುದು ಹೇಗೆ? ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸುತ್ತಿದ್ದ ಹಿರಿಯರಿಗೆ ಉತ್ತರ ಗೊತ್ತಿತ್ತು. ತೇವವಿದ್ದಲ್ಲಿ ನೀರಿನ ಮೇಲ್ಮೈ ಸೆಳೆತ ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ, ಕೊಳೆಯಾದಂತೆ ಮಗ್ಗುಲು ಬದಲಿಸುತ್ತಾ ಒರೆಸಬೇಕು. ಮೊದಲು ಫ್ಯಾನು, ಬೀರುವಿನ ತಲೆ, ನೆಲ ಕೊನೆಗೆ. ಮರಕ್ಕೆ ನೀರು ಸುರಿಯಬಾರದು, ಎಣ್ಣೆ ಬಳಿಯುವುದೂ ಬೇಡ. ಎಣ್ಣೆಯ ಜಿಡ್ಡು ಧೂಳಿಗೆ ಅಂಟಿನಂತೆ. ಗಾಜು, ಪ್ಲಾಸ್ಟಿಕ್ಕುಗಳನ್ನು ಒಣಹವೆಯಲ್ಲಿ ಒಣಬಟ್ಟೆಯಿಂದ ಉಜ್ಜಿದರೆ ಸ್ಥಿರ ವಿದ್ಯುತ್ ಹುಟ್ಟಿ, ಧೂಳನ್ನು ಕರೆದು ಕೂರಿಸುತ್ತದೆ.

ಸೋಫಾದಂಥವಕ್ಕೆ ವ್ಯಾಕ್ಯೂಮ್ ಕ್ಲೀನರ್ ಇದೆ. ಇದರ ಕಥೆಯೂ ಕುರ್ಚಿಯಿಂದಲೇ ಶುರು. ಧೂಳನ್ನು ಊದಿ ಹಾರಿಸುವ ಯಂತ್ರವೊಂದನ್ನು ಲಂಡನ್ನಿನಲ್ಲಿ ಕಂಡ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್‌ಗೆ, ಊದುವ ಬದಲು ಹೀರಿದರೆ ಹೇಗೆ ಎನಿಸಿತು. ಹೋಟೆಲಿನ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಹಾಸಿ ಬಾಯಿಂದಲೇ ಹೀರಿ ನೋಡಿದ. ಕರವಸ್ತ್ರದ ಅಡಿಬದಿ ಕಪ್ಪಾಗಿತ್ತು! 1901ರಲ್ಲಿ ಅವನ ಯಂತ್ರಕ್ಕೆ ಪೇಟೆಂಟ್ ದೊರೆಯಿತು.

ವಿದ್ಯಾರ್ಥಿಗಳಿಗೊಂದು ಪ್ರಯೋಗ: ಎರಡು ಗಾಜಿನ ತುಂಡುಗಳಿಗೆ ತೆಳುವಾಗಿ ವ್ಯಾಸಲೀನ್ ಸವರಿ, ಒಂದೇ ಕೋಣೆಯಲ್ಲಿ ಒಂದನ್ನು ಒಣಬಟ್ಟೆಯಿಂದ ಕೊಡವುವ ದಿನವೂ, ಇನ್ನೊಂದನ್ನು ಒದ್ದೆ ಬಟ್ಟೆಯಿಂದ ಒರೆಸುವ ದಿನವೂ ಮೂರು ಮೂರು ತಾಸು ಇಡಿ. ಕೆಳಗೆ ಗ್ರಾಫ್ ಹಾಳೆ ಇಟ್ಟು, ಭೂತಕನ್ನಡಿಯಲ್ಲಿ ಒಂದು ಚದರ ಸೆಂಟಿಮೀಟರಿನೊಳಗಿನ ಕಣಗಳನ್ನು ಎಣಿಸಿ.