ಗಾಜೋ ಸ್ಫಟಿಕವೋ: ಹೊಳಪನ್ನು ನಂಬಬೇಡಿ

ಯಾತ್ರೆಗೆ ಹೋದಾಗ ಸ್ಫಟಿಕದ ಜಪಮಾಲೆ ಕೊಂಡು ತಂದ ಓದುಗರೊಬ್ಬರು ಕೇಳಿದ್ದಾರೆ: ‘ಅಂಗಡಿಯವರು ದೀಪ ಆರಿಸಿ, ಎರಡು ಮಣಿಗಳನ್ನು ಉಜ್ಜಿ, ಬೆಳಕು ಮಿನುಗುವುದನ್ನು ಕಣ್ಣಾರೆ ತೋರಿಸಿದರು. ಅಸಲಿ ಸ್ಫಟಿಕ ಎನ್ನಲು ಇಷ್ಟು ಸಾಲದೆ?’

ಸಾಲದು. ಹಳ್ಳಿಯಲ್ಲಿ ಬೆಳೆದವರು ಈ ಆಟವನ್ನು ಆಡಿಯೇ ಇರುತ್ತಾರೆ. ಹೊಲದ ಬದುವಿನಲ್ಲಿ ಬಿದ್ದಿರುವ ಎರಡು ಬಿಳಿ ಬೆಣಚುಕಲ್ಲುಗಳನ್ನು ಕತ್ತಲಲ್ಲಿ ಬಿರುಸಾಗಿ ಉಜ್ಜಿದರೆ ಕಲ್ಲಿನ ಒಳಗೇ ಮಂಕು ಬೆಳಕು ಸುಳಿಯುತ್ತದೆ, ಸುಟ್ಟಂಥ ವಾಸನೆಯೂ ಬರುತ್ತದೆ. ಸ್ಫಟಿಕ ಎಂದರೆ ಅದೇ ಬೆಣಚುಕಲ್ಲಿನ ತಿಳಿಯಾದ ರೂಪ. ವಿಜ್ಞಾನದಲ್ಲಿ ಎರಡಕ್ಕೂ ಕ್ವಾರ್ಟ್ಸ್ ಎಂದೇ ಹೆಸರು. ಹಾಗಾಗಿ ಸ್ಫಟಿಕ ಮಿನುಗುವುದು ನಿಜ. ಆದರೆ ಗಾಜನ್ನು ಹಾಗೆಯೇ ಉಜ್ಜಿದರೆ ಅದೂ ಬೆಳಕು ಕೊಡುತ್ತದೆ. ಎರಡೂ ಪಾಸಾಗುವ ಪರೀಕ್ಷೆಯಿಂದ ಕೊಳ್ಳುವವರಿಗೆ ಏನು ಪ್ರಯೋಜನ?

ಮಾಲೆಯನ್ನು ನೀರಿನಲ್ಲಿ ಮುಳುಗಿಸಿ ‘ನೋಡಿ, ಕಾಣದಂತಾಯಿತು, ಅಸಲಿ’ ಎನ್ನುವುದೂ ಇದೇ ಜಾತಿಯ ಪ್ರದರ್ಶನ. ನೀರಿನ ವಕ್ರೀಭವನಾಂಕ 1.33, ಸ್ಫಟಿಕದ್ದು ಸುಮಾರು 1.54, ಸಾಮಾನ್ಯ ಗಾಜಿನದು ಸುಮಾರು 1.52. ನೀರಿನೊಳಗೆ ಎರಡೂ ಒಂದೇ ರೀತಿ ಮಸುಕಾಗುತ್ತವೆ.

ಈ ಪ್ರದರ್ಶನಗಳು ಸೋಲುವುದಕ್ಕೆ ಕಾರಣವಿದೆ. ಸ್ಫಟಿಕ ಎಂದರೆ ಸಿಲಿಕಾನ್ ಮತ್ತು ಆಮ್ಲಜನಕ. ಗಾಜಿನಲ್ಲೂ ಮುಖ್ಯ ಸರಕು ಅದೇ, ಜೊತೆಗೆ ಒಂದಿಷ್ಟು ಸೋಡಾ ಮತ್ತು ಸುಣ್ಣ. ವ್ಯತ್ಯಾಸ ಇರುವುದು ಸರಕಿನಲ್ಲಿ ಅಷ್ಟಾಗಿ ಅಲ್ಲ, ಜೋಡಣೆಯಲ್ಲಿ. ಮನೆಗೆ ಮೋಲ್ಡ್ ಹಾಕುವ ದಿನವನ್ನು ನೆನಪಿಸಿಕೊಳ್ಳಿ. ಕೆಳಗಿನಿಂದ ತಾರಸಿಯವರೆಗೆ ಕೆಲಸದವರು ಸಾಲಾಗಿ, ಸಮ ದೂರದಲ್ಲಿ ನಿಂತಿರುತ್ತಾರೆ. ಕಾಂಕ್ರೀಟಿನ ಬಾಂಡ್ಲಿ ಕೈಯಿಂದ ಕೈಗೆ ಹಾರಿದಂತೆ ಮೇಲೇರುತ್ತದೆ. ಅದೇ ಜನ ಊಟದ ಹೊತ್ತಿಗೆ ಅಲ್ಲಲ್ಲಿ ಚದುರಿ ಕೂತಾಗ ಬಾಂಡ್ಲಿ ಸಾಗಿಸಿ ಎಂದರೆ ಅದು ಅಡ್ಡಾದಿಡ್ಡಿ ಅಲೆದು ಎಲ್ಲೋ ನಿಂತುಬಿಡುತ್ತದೆ. ಜನ ಅವರೇ, ಬಾಂಡ್ಲಿಯೂ ಅದೇ. ತಪ್ಪಿದ್ದು ಸಾಲು ಮಾತ್ರ. ಸ್ಫಟಿಕದಲ್ಲಿ ಪರಮಾಣುಗಳು ಸಾಲು ತಪ್ಪದೆ ನಿಂತಿವೆ. ಕರಗಿದ ಗಾಜು ಬೇಗ ತಣಿಯುವಾಗ ಅವಕ್ಕೆ ಸಾಲುಗೂಡಲು ಬಿಡುವೇ ಸಿಗುವುದಿಲ್ಲ. ಆದ್ದರಿಂದ ನಂಬಬೇಕಾದದ್ದು ಹೊಳಪನ್ನು ಅಳೆಯುವ ಪರೀಕ್ಷೆಯನ್ನಲ್ಲ, ಒಳಗಿನ ಸಾಲನ್ನು ಅಳೆಯುವ ಪರೀಕ್ಷೆಯನ್ನು.

ಮೊದಲನೆಯದು ತಂಪು. ಇಲ್ಲಿ ಬಾಂಡ್ಲಿಯ ಜಾಗದಲ್ಲಿರುವುದು ಶಾಖ. ಸಾಲುಗಟ್ಟಿದ ಪರಮಾಣುಗಳು ಶಾಖದ ಕಂಪನವನ್ನು ಸರಸರನೆ ದಾಟಿಸುತ್ತವೆ. ಸ್ಫಟಿಕದ ಉಷ್ಣವಾಹಕತೆ ಗಾಜಿನದಕ್ಕಿಂತ ಆರು ಪಟ್ಟಿಗೂ ಹೆಚ್ಚು. ರೋಮಿನ ಪ್ಲಿನಿ, ಸ್ಫಟಿಕವೆಂದರೆ ವಿಪರೀತ ಚಳಿಗೆ ಗಟ್ಟಿಯಾಗಿ ಮತ್ತೆ ಕರಗದೆ ಉಳಿದ ಮಂಜುಗಡ್ಡೆ ಎಂದು ನಂಬಿದ್ದ. ಆ ತೀರ್ಮಾನ ತಪ್ಪು, ಆದರೆ ಕೈಗೆ ಹತ್ತಿದ ತಂಪು ನಿಜವೇ. ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಮಕ್ಕಳ ಗಾಜಿನ ಗೋಲಿಯೊಂದನ್ನು ಇಟ್ಟುಕೊಂಡಿರಿ. ಸುಮಾರು ಅದೇ ಗಾತ್ರದ ಮಣಿಯ ಪಕ್ಕದಲ್ಲಿ ಅದನ್ನು ಹತ್ತು ನಿಮಿಷ ಮೇಜಿನ ಮೇಲೆ ಬಿಡಿ, ಆಮೇಲೆ ಒಂದಾದ ಮೇಲೊಂದರಂತೆ ಕೆನ್ನೆಗೆ ಮುಟ್ಟಿಸಿ. ಸ್ಫಟಿಕ ಚುರುಕ್ಕೆಂದು ತಣ್ಣಗೆ ತಾಗುತ್ತದೆ, ಗೋಲಿಯ ತಂಪು ಅಷ್ಟಕ್ಕಷ್ಟೆ. ಪ್ಲಾಸ್ಟಿಕ್ ಮಣಿಯಾದರೆ ತಂಪೇ ಇಲ್ಲ. ಸ್ಫಟಿಕದ ಮಾಲೆ ದಿನವಿಡೀ ದೇಹವನ್ನು ತಂಪಾಗಿಡುತ್ತದೆ ಎಂಬ ಮಾತಿಗೆ ಮಾತ್ರ ಬೆಲೆ ತೆರಬೇಡಿ. ಕೊರಳಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅದು ಮೈಯಷ್ಟೇ ಬೆಚ್ಚಗಾಗುತ್ತದೆ.

ಎರಡನೆಯದು ಬೆಳಕಿನ ಪರೀಕ್ಷೆ, ನನಗೆ ಅತ್ಯಂತ ಪ್ರಿಯವಾದದ್ದು. ಇದರ ಚರಿತ್ರೆಯೂ ಚೆಂದ. 1669ರಲ್ಲಿ ಇಬ್ಬರು ಡೇನಿಷ್ ವಿದ್ವಾಂಸರು ಎರಡು ಬೇರೆ ಊರುಗಳಲ್ಲಿ ತಮ್ಮ ಪುಸ್ತಕ ಅಚ್ಚು ಹಾಕಿಸಿದರು. ಫ್ಲಾರೆನ್ಸ್‌ನಲ್ಲಿದ್ದ ನಿಕೋಲಾಸ್ ಸ್ಟೆನೊ, ಸ್ಫಟಿಕದ ಹರಳು ದೊಡ್ಡದಿರಲಿ ಚಿಕ್ಕದಿರಲಿ, ಅದರ ಮುಖಗಳ ನಡುವಿನ ಕೋನ ಬದಲಾಗದು ಎಂದು ಗುರುತಿಸಿದ್ದ. ಒಳಗೆ ಏನೋ ಒಂದು ಶಿಸ್ತು ಇದೆ ಎಂಬುದಕ್ಕೆ ಅದು ಮೊದಲ ಸುಳಿವುಗಳಲ್ಲೊಂದು. ಕೋಪನ್‌ಹೇಗನ್‌ನ ಎರಾಸ್ಮಸ್ ಬಾರ್ತೊಲಿನ್, ಐಸ್‌ಲ್ಯಾಂಡಿನ ಕ್ಯಾಲ್ಸೈಟ್ ಹರಳಿನ ಮೂಲಕ ನೋಡಿದರೆ ಒಂದು ಗೆರೆ ಎರಡಾಗಿ ಕಾಣುವುದನ್ನು ವಿವರಿಸಿದ. ಈತನ ಅಣ್ಣ ಥಾಮಸ್ ಬಾರ್ತೊಲಿನ್ ಸ್ಟೆನೊನ ಗುರು. ಶಿಷ್ಯನಿಗೆ ಹರಳಿನ ಹೊರಗಿನ ಶಿಸ್ತು ಕಂಡರೆ, ಗುರುವಿನ ತಮ್ಮನಿಗೆ ಅದೇ ಶಿಸ್ತು ಬೆಳಕಿಗೆ ಮಾಡುವ ಕೆಲಸ ಕಂಡಿತು. ಆದರೂ ಇವೆರಡಕ್ಕೂ ನಂಟಿದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ. 1690ರಲ್ಲಿ ಬೆಳಕಿನ ಬಗ್ಗೆ ಗ್ರಂಥ ಬರೆದ ಕ್ರಿಶ್ಚಿಯಾನ್ ಹಾಯ್ಗೆನ್ಸ್, ಸ್ಫಟಿಕವೂ ಬೆಳಕನ್ನು ಎರಡಾಗಿ ಸೀಳುತ್ತದೆ, ಆದರೆ ಅಷ್ಟು ಢಾಳಾಗಿ ಅಲ್ಲ ಎಂದು ಗುರುತಿಸಿದ.

ಈ ಸೀಳುವಿಕೆಗೆ ದ್ವಿವಕ್ರೀಭವನ ಎಂದು ಹೆಸರು. ಸಾಲು ಇದ್ದಲ್ಲಿ ದಿಕ್ಕೂ ಇರುತ್ತದೆ: ಸಾಲಿನ ಉದ್ದಕ್ಕೆ ಕಂಪಿಸುವ ಬೆಳಕಿನ ವೇಗ ಒಂದು, ಅಡ್ಡಕ್ಕೆ ಕಂಪಿಸುವುದರ ವೇಗ ಇನ್ನೊಂದು. ಗಾಜಿನಲ್ಲಿ ಎಲ್ಲ ದಿಕ್ಕೂ ಒಂದೇ. ಇದನ್ನು ಮನೆಯಲ್ಲೇ ನೋಡಬಹುದು. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಲ್ಲಿ ಬಿಳಿ ಪುಟವೊಂದನ್ನು ತೆರೆಯಿರಿ. ಆ ಪರದೆಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಪೋಲರಾಯ್ಡ್ ತಂಪು ಕನ್ನಡಕವನ್ನು ಅದರ ಮುಂದೆ ಹಿಡಿದು, ಪರದೆ ಕಪ್ಪಾಗುವವರೆಗೆ ಮೆಲ್ಲಗೆ ತಿರುಗಿಸಿ. ಈಗ ಮಣಿಯನ್ನು ಪರದೆಗೂ ಕನ್ನಡಕಕ್ಕೂ ನಡುವೆ ತನ್ನಿ. ಒಳ್ಳೆಯ ಗಾಜಾದರೆ ಕಪ್ಪು ಹಾಗೇ ಉಳಿಯುತ್ತದೆ. ಸ್ಫಟಿಕವಾದರೆ ಕತ್ತಲೆಯ ನಡುವೆ ಮಣಿ ಬೆಳಗುತ್ತದೆ. ಬೆರಳಲ್ಲಿ ಅದನ್ನು ನಿಧಾನಕ್ಕೆ ಹೊರಳಿಸಿ. ಒಂದು ನಿಲುವಿನಲ್ಲಿ ಬಣ್ಣಬಣ್ಣದ ಬಳೆಗಳು ಒಂದರೊಳಗೊಂದು ಮೂಡುತ್ತವೆ. ಸ್ಫಟಿಕದ ಅಕ್ಷ ನಿಮ್ಮ ಕಣ್ಣಿಗೆ ನೇರವಾದ ಗಳಿಗೆ ಅದು. ಬಳೆಗಳ ನಟ್ಟನಡುವೆಯೂ ಬೆಳಕು ಉಳಿದಿರುತ್ತದೆ. ಸ್ಫಟಿಕವು ತನ್ನ ಅಕ್ಷದ ಗುಂಟ ಹೋಗುವ ಬೆಳಕಿನ ಕಂಪನವನ್ನೇ ತಿರುಚಿಬಿಡುತ್ತದೆ ಎಂಬುದೇ ಇದಕ್ಕೆ ಕಾರಣ. 1811ರಲ್ಲಿ ಫ್ರಾನ್ಸಿನ ಫ್ರಾಂಸ್ವಾ ಅರಾಗೊ ಕಂಡುಹಿಡಿದದ್ದು ಇದನ್ನೇ. ಅಚ್ಚಿನಲ್ಲಿ ಒತ್ತಿದ ಅಗ್ಗದ ಗಾಜು ಒಳಗಿನ ಬಿಗಿತದಿಂದಾಗಿ ಬೂದು ಕಲೆಗಳನ್ನು ತೋರಿಸೀತು, ಪ್ಲಾಸ್ಟಿಕ್ ಅಡ್ಡಾದಿಡ್ಡಿ ಬಣ್ಣಗಳನ್ನು ತೋರಿಸೀತು. ಅಚ್ಚುಕಟ್ಟಾದ ಬಳೆಗಳು ಅವುಗಳಲ್ಲಿ ಮೂಡುವುದಿಲ್ಲ.

ತೂಕವೂ ಸಾಕ್ಷಿ ಹೇಳುತ್ತದೆ. ಸ್ಫಟಿಕದ ಸಾಂದ್ರತೆ 2.65, ಸಾಮಾನ್ಯ ಗಾಜಿನದು 2.5ರ ಆಸುಪಾಸು. ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ತಕ್ಕಡಿಯಲ್ಲಿ ಮೊದಲು ಮಾಲೆಯನ್ನು ತೂಗಿ. ಆಮೇಲೆ ನೀರಿನ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಮಾಲೆಯನ್ನು ದಾರದಿಂದ ಇಳಿಬಿಟ್ಟು, ತಳಕ್ಕೆ ತಾಗದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. 77 ಗ್ರಾಂ ತೂಗುವ ಮಾಲೆ ಸ್ಫಟಿಕದ್ದಾದರೆ ಸುಮಾರು 29 ತೋರಿಸಬೇಕು, ಗಾಜಿನದಾದರೆ 31ರ ಹತ್ತಿರ. ಲೋಹದ ಕೊಂಡಿ ಇದ್ದರೆ ಬಿಚ್ಚಿಡಿ. ತೂತುಗಳಲ್ಲಿ ಗಾಳಿ ಗುಳ್ಳೆ ನಿಲ್ಲದಂತೆ ಮಾಲೆಯನ್ನು ನೀರಿನಲ್ಲಿ ಚೆನ್ನಾಗಿ ಅಲುಗಿಸಿ.

ಇನ್ನು ಥಳಥಳಿಸುವ ಮಣಿಗಳ ವಿಚಾರ. 1674ರಲ್ಲಿ ಲಂಡನ್ನಿನ ಜಾರ್ಜ್ ರೇವನ್ಸ್‌ಕ್ರಾಫ್ಟ್ ಸ್ಫಟಿಕದಂತೆ ಕಾಣುವ ಗಾಜಿಗೆ ಪೇಟೆಂಟ್ ಪಡೆದ. ಸೀಸದ ಆಕ್ಸೈಡ್ ಬೆರೆಸಿದ ಗಾಜು ಮುಂದೆ ಅವನ ಹೆಸರಿನೊಂದಿಗೇ ಬೆಳೆಯಿತು. ಸೀಸ ಬೆರೆತರೆ ಗಾಜು ಬೆಳಕನ್ನು ಹೆಚ್ಚು ಬಾಗಿಸುತ್ತದೆ, ಬಣ್ಣಗಳಾಗಿ ಹೆಚ್ಚು ಒಡೆಯುತ್ತದೆ. ಡೇನಿಯಲ್ ಸ್ವರೋವ್‌ಸ್ಕಿ 1892ರಲ್ಲಿ ಹರಳು ಕಡೆಯುವ ಯಂತ್ರಕ್ಕೆ ಪೇಟೆಂಟ್ ಪಡೆದು, 1895ರಲ್ಲಿ ಆಸ್ಟ್ರಿಯಾದ ವಾಟೆನ್ಸ್‌ನಲ್ಲಿ ಕಾರ್ಖಾನೆ ತೆರೆದ. ಇವತ್ತು ಆಭರಣದಂಗಡಿಯಲ್ಲಿ ‘ಕ್ರಿಸ್ಟಲ್’ ಎಂದು ಮಾರುವ ಹೊಳೆಯುವ ಮಣಿಗಳು ಹೆಚ್ಚಾಗಿ ಇಂಥ ಗಾಜೇ. ಅದರಲ್ಲಿ ತಪ್ಪೇನೂ ಇಲ್ಲ, ಅದೊಂದು ಕುಶಲ ಕೆಲಸ. ಆದರೆ ನೆನಪಿಡಿ, ಕಾಮನಬಿಲ್ಲು ಚೆಲ್ಲುವ ಮಣಿ ಗಾಜಾಗಿರುವ ಸಾಧ್ಯತೆಯೇ ಹೆಚ್ಚು. ನೆಲದಿಂದ ಬಂದ ಸ್ಫಟಿಕದ ಹೊಳಪು ಸೌಮ್ಯವಾದದ್ದು.

ಗಾಜಿನ ಮಣಿಯೇ ಬೇಕೆಂದರೆ ಭೂತಗನ್ನಡಿ ಹಿಡಿದು ಅಂಚುಗಳನ್ನು ನೋಡಿ. ಒಳ್ಳೆಯ ಕಡೆತದಲ್ಲಿ ಮುಖಗಳು ಚೂಪಾಗಿ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಅಗ್ಗದ ಅಚ್ಚಿನ ಮಾಲಿನಲ್ಲಿ ಅಂಚು ಉರುಟಾಗಿರುತ್ತದೆ, ಸೊಂಟದಲ್ಲಿ ಅಚ್ಚಿನ ಗೆರೆ ಉಳಿದಿರುತ್ತದೆ. ಸ್ಫಟಿಕ ಎಂದು ಮಾರುವ ಮಣಿಯಾದರೆ ಒಳಗನ್ನು ನೋಡಿ. ದುಂಡನೆಯ ಗುಳ್ಳೆ ಕಂಡರೆ ಅದು ಗಾಜು. ಸ್ಫಟಿಕದಲ್ಲಿ ಕಾಣುವುದು ತೆಳು ಮೋಡದಂಥ ಪದರ, ಕೂದಲೆಳೆಯ ಬಿರುಕು, ಕೆಲವೊಮ್ಮೆ ಸೂಜಿಯಂಥ ಬೇರೆ ಖನಿಜದ ಎಳೆ. ಕಲ್ಲನ್ನು ಕೊರೆದೇ ತೂತು ಮಾಡಬೇಕಾದ್ದರಿಂದ ಅದರ ತೂತಿನ ಗೋಡೆ ಸಾಮಾನ್ಯವಾಗಿ ಉಜ್ಜಿದಂತೆ ಬೆಳ್ಳಗಿರುತ್ತದೆ. ತಂತಿಯ ಸುತ್ತ ಸುತ್ತಿದ ಗಾಜಿನ ಮಣಿಯಲ್ಲಿ ಅದು ನಯವಾಗಿರುತ್ತದೆ. ‘ಚೆರ್ರಿ ಕ್ವಾರ್ಟ್ಸ್’, ‘ಓಪಲೈಟ್’ ಎಂಬ ಹೆಸರುಗಳಿಗೂ ಮರುಳಾಗಬೇಡಿ. ಆ ಹೆಸರಿನಲ್ಲಿ ಮಾರುವುದು ಬಣ್ಣದ ಗಾಜು.

ಒಂದೇ ಒಂದು ಕಡೆ ಮನೆಯ ಪರೀಕ್ಷೆಗಳೆಲ್ಲ ಸೋಲುತ್ತವೆ. ಗಡಿಯಾರ ಮತ್ತು ಎಲೆಕ್ಟ್ರಾನಿಕ್ಸ್‌ಗಾಗಿ ಉಕ್ಕಿನ ಪಾತ್ರೆಗಳಲ್ಲಿ ಹೆಚ್ಚು ಒತ್ತಡ, ಹೆಚ್ಚು ಶಾಖದ ನೀರಿನಿಂದ ಬೆಳೆಸುವ ಕೃತಕ ಕ್ವಾರ್ಟ್ಸ್ ಪ್ರತಿ ಪರಮಾಣುವಿನ ಜೋಡಣೆಯಲ್ಲೂ ಸ್ಫಟಿಕವೇ. ಅದನ್ನು ಬೇರ್ಪಡಿಸಲು ರತ್ನಗಳನ್ನು ಪರೀಕ್ಷಿಸುವ ಪ್ರಯೋಗಾಲಯವೇ ಬೇಕು. ಹಾಗಾಗಿ ಬೆಲೆ ಹೆಚ್ಚಾದಾಗ ಬಿಲ್ಲಿನಲ್ಲಿ ಬರಿಯ ‘ಕ್ರಿಸ್ಟಲ್’ ಎಂದಲ್ಲ, ‘ನೈಸರ್ಗಿಕ ಕ್ವಾರ್ಟ್ಸ್’ ಎಂದೇ ಬರೆಸಿಕೊಳ್ಳಿ. ಜಪಕ್ಕೆ ಗಾಜಿನ ಮಣಿಯೂ ಆದೀತು, ಅದು ಅವರವರ ಶ್ರದ್ಧೆ. ಆದರೆ ಕಲ್ಲಿನ ಬೆಲೆ ಎಣಿಸಿಕೊಟ್ಟವರ ಕೈಗೆ ಕಲ್ಲೇ ಬರಬೇಕು. ಹಾಗೆ ಬರೆದುಕೊಡಲು ಹಿಂದೆಮುಂದೆ ನೋಡುವ ಅಂಗಡಿಯಲ್ಲಿ ಯಾವ ಪರೀಕ್ಷೆಯ ಅಗತ್ಯವೂ ಇಲ್ಲ, ಮಾಲೆಯನ್ನು ಅಲ್ಲೇ ಇಟ್ಟು ಬನ್ನಿ.